ಬೆಂಗಳೂರು ಕೋಟೆ: ನೋಡೋಕೆ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ಚಾಮರಾಜಪೇಟೆಯಲ್ಲಿ ಮನೆ ಇದ್ದರೆ ಒಂದು ಕೆಲಸ ತಾನಾಗಿಯೇ ತಲೆಗೆ ಕಟ್ಟಿಕೊಳ್ಳುತ್ತದೆ. ಊರಿಂದ ಬಂದ ನೆಂಟರು, ಅವರ ಮಕ್ಕಳು, ಗೆಳೆಯರ ಗೆಳೆಯರು, ಎಲ್ಲರಿಗೂ ಕೋಟೆ ತೋರಿಸಬೇಕು. ಎಷ್ಟೋ ವರ್ಷದಿಂದ ಭಾನುವಾರ ಬೆಳಿಗ್ಗೆ ಇದೇ ನನ್ನ ಕೆಲಸ. ಬರುವ ಜನ ಬೇರೆ ಬೇರೆ, ಕೇಳುವ ಪ್ರಶ್ನೆ ಮಾತ್ರ ಅವೇ. ಕೆಲವರು ಮನೆಗೆ ಹೋದ ಮೇಲೆ ನೆನಪಾಗಿ ಬರೆದು ಕೇಳುತ್ತಾರೆ. ಅವರವರ ಮಾತಿನಲ್ಲೇ ಪ್ರಶ್ನೆ ಇಟ್ಟು, ಉತ್ತರ ಬರೆದಿದ್ದೇನೆ. ಎಲ್ಲಿಂದ ಬೇಕಾದರೂ ಓದಿ.

## ಹೊರಡುವ ಮುಂಚೆ

ಬೆಂಗಳೂರಲ್ಲಿ ಕೋಟೆ ಇದೆಯಾ? ನಾನು ಇಲ್ಲೇ ಹುಟ್ಟಿ ಬೆಳೆದವನು, ನೋಡೇ ಇಲ್ಲವಲ್ಲ!

ನೋಡಿರುತ್ತೀರಿ, ಕೋಟೆ ಅಂತ ಗೊತ್ತಾಗಿರುವುದಿಲ್ಲ. ಕೆ.ಆರ್. ಮಾರ್ಕೆಟ್ ದಾಟಿ ಬಸ್ಸು ಕೆ.ಆರ್. ರಸ್ತೆಗೆ ತಿರುಗುವಾಗ ಒಂದು ಕಪ್ಪಗಿನ ಕಲ್ಲುಗೋಡೆ ಕಾಣುತ್ತದೆ. ದೊಡ್ಡ ದೊಡ್ಡ ಕಲ್ಲು, ಮೇಲೆ ಸಾಲಾಗಿ ತೆನೆಗಳು, ಅಂದರೆ ಹಲ್ಲುಗಳ ಹಾಗೆ ಎದ್ದ ಗೋಡೆಯಂಚು. ಅದೇ ಬೆಂಗಳೂರು ಕೋಟೆ. ಇವತ್ತು ಉಳಿದಿರುವುದು ಉತ್ತರದ ದೆಹಲಿ ಬಾಗಿಲು, ಅದರ ಆಚೀಚೆಯ ಗೋಡೆ ಮತ್ತು ಎರಡು ಕೊತ್ತಲ, ಅಂದರೆ ಬುರುಜು. ಹಳೆಯ ಕೋಟೆಯನ್ನು ಒಂದು ಹೋಳಿಗೆ ಅಂದುಕೊಂಡರೆ, ಮಿಕ್ಕಿರುವುದು ಒಂದು ತುತ್ತು.

ಆ ಕೋಟೆಯೊಳಗೇ ಇದ್ದ ಟಿಪ್ಪುವಿನ ಬೇಸಿಗೆ ಅರಮನೆಯೂ ಉಳಿದುಕೊಂಡಿದೆ. ಈಗ ನಡುವೆ ಆಸ್ಪತ್ರೆ, ಶಾಲೆ, ರಸ್ತೆ ಬಂದು ಎರಡೂ ಬೇರೆ ಬೇರೆ ಜಾಗ ಅನ್ನಿಸುತ್ತವೆ.

ಹೋಗೋದು ಹೇಗೆ? ಟಿಕೆಟ್ ಇದೆಯಾ?

ಮೆಟ್ರೋ ಹಿಡಿಯಿರಿ. ಹಸಿರು ಮಾರ್ಗದಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ಕೋಟೆ ಕೂಗಳತೆಯ ದೂರ. ಕಾರು ತರುವ ಆಸೆ ಬಿಟ್ಟುಬಿಡಿ. ನಮ್ಮ ಭಾವ ಒಂದು ಸಲ ಹಟ ಹಿಡಿದು ತಂದು, ಕೋಟೆ ನೋಡಿದ್ದಕ್ಕಿಂತ ಜಾಸ್ತಿ ಹೊತ್ತು ಪಾರ್ಕಿಂಗ್ ಹುಡುಕಿದರು.

ಕೋಟೆಗೆ ಟಿಕೆಟ್ ಇಲ್ಲ. ಅರಮನೆಗೆ ಇದೆ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಎರಡನ್ನೂ ನೋಡಿಕೊಳ್ಳುವುದು ಭಾರತೀಯ ಪುರಾತತ್ವ ಇಲಾಖೆ. ಮೊಬೈಲಿನಲ್ಲಿ ಫೋಟೋ ತೆಗೆಯಲು ಯಾರೂ ಬೇಡ ಅನ್ನುವುದಿಲ್ಲ. ಟ್ರೈಪಾಡ್ ಇಟ್ಟು ತೆಗೆಯಬೇಕಾದರೆ ಮೊದಲೇ ಅನುಮತಿ ಬೇಕು.

ಎಷ್ಟು ಹೊತ್ತು ಬೇಕು? ಅಜ್ಜಿಯನ್ನು ಕರೆದುಕೊಂಡು ಬರಬಹುದಾ?

ಕೋಟೆಗೆ ಮುಕ್ಕಾಲು ಗಂಟೆ, ಅರಮನೆಗೆ ಅಷ್ಟೇ, ನಡುವೆ ಹತ್ತು ನಿಮಿಷದ ನಡಿಗೆ. ಅಜ್ಜಿಗೆ ಕೋಟೆಯ ಕೆಳಗಿನ ಭಾಗ ಕಷ್ಟವಿಲ್ಲ, ಆದರೆ ನೆಲ ಏರುತಗ್ಗು. ಅರಮನೆಯ ಮಹಡಿ ಮೆಟ್ಟಿಲು ಇಕ್ಕಟ್ಟು ಮತ್ತು ಕಡಿದು. ಅವರನ್ನು ಕೆಳಗೆ ತೋಟದ ನೆರಳಲ್ಲಿ ಕೂರಿಸಿ ನೀವು ಹತ್ತಿ ಬನ್ನಿ. ಮಾರ್ಕೆಟ್ಟಿನ ಹೂವಿನ ಸಂತೆಯನ್ನೂ ನೋಡುವ ಮನಸ್ಸಿದ್ದರೆ ಬೆಳಕು ಹರಿಯುವ ಮುಂಚೆಯೇ ಬರಬೇಕು. ಸೇವಂತಿಗೆ ಮೂಟೆ ಬಿಚ್ಚುವುದನ್ನು ನೋಡಿ, ಎಲ್ಲಾದರೂ ಇಡ್ಲಿ ತಿಂದು, ಆಮೇಲೆ ಕೋಟೆಗೆ ಬಂದರೆ ಸರಿಹೋಗುತ್ತದೆ.

ವಸಂತನಗರದ ಪ್ಯಾಲೆಸ್ಸೂ ಇದೂ ಒಂದೇನಾ?

ಅಲ್ಲ. ಬೇರೆ ಕಾಲ, ಬೇರೆ ಜನ, ಬೇರೆ ಉದ್ದೇಶ. ಅದು ಬೆಂಗಳೂರು ಅರಮನೆ. ಸೆಂಟ್ರಲ್ ಕಾಲೇಜಿನ ಮೊದಲ ಪ್ರಿನ್ಸಿಪಾಲ್ ಆಗಿದ್ದ ರೆವರೆಂಡ್ ಗ್ಯಾರೆಟ್ 1862ರಲ್ಲಿ ಕಟ್ಟಿಸಲು ಶುರು ಮಾಡಿದ ಮನೆ. ಚಿಕ್ಕವರಾಗಿದ್ದ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ 1873ರಲ್ಲಿ 40,000 ರೂಪಾಯಿಗೆ ಅದನ್ನು ಕೊಂಡರು. ಅದಕ್ಕೂ ಕೋಟೆಯ ಹಾಗೆ ಗೋಪುರ, ತೆನೆ ಇವೆ. ಆದರೆ ಅವು ಇಂಗ್ಲೆಂಡಿನ ಟ್ಯೂಡರ್ ಶೈಲಿಯ ಅಲಂಕಾರ. ಆ ತೆನೆಯ ಹಿಂದೆ ನಿಂತು ಯಾರೂ ಯಾರಿಗೂ ಗುಂಡು ಹೊಡೆದಿಲ್ಲ. ಈ ಕೋಟೆಯಲ್ಲಿ ಹೊಡೆದಿದ್ದಾರೆ.

## ಯಾರು ಕಟ್ಟಿದರು, ಯಾರು ಕೆಡವಿದರು

ಕೋಟೆ ಕಟ್ಟಿದ್ದು ಕೆಂಪೇಗೌಡರಾ, ಟಿಪ್ಪುನಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಜಗಳ ಆಡುವವರಿಬ್ಬರೂ ಅರ್ಧ ಸರಿ. ಕೆಂಪೇಗೌಡರು 1537ರ ಸುಮಾರಿಗೆ ಕಟ್ಟಿಸಿದ್ದು ಮಣ್ಣಿನ ಕೋಟೆ. ಈಗ ಕಾಣುವ ಕಲ್ಲಿನ ಕೋಟೆ ಹೈದರ್ ಅಲಿಯ ಕಾಲದ್ದು. ಮೈಸೂರಿನ ಇಮ್ಮಡಿ ಕೃಷ್ಣರಾಜ ಒಡೆಯರು ಬೆಂಗಳೂರನ್ನು ಹೈದರನಿಗೆ ಜಹಗೀರಾಗಿ ಕೊಟ್ಟಿದ್ದರು. ಅವನು 1761ರಲ್ಲಿ ಮಣ್ಣಿನ ಜಾಗಕ್ಕೆ ಕಲ್ಲು ತಂದ. ಮಗ ಟಿಪ್ಪು ಮುಂದುವರಿಸಿದ.

ಇಲ್ಲಿ ಒಂದು ವಿಷಯ ಬಿಡಿಸಿಕೊಳ್ಳಬೇಕು. ಹಳೇ ಬೆಂಗಳೂರಿಗೆ ಎರಡು ಆವರಣ ಇದ್ದವು. ಒಂದು ಪೇಟೆ: ಚಿಕ್ಕಪೇಟೆ, ದೊಡ್ಡಪೇಟೆ, ಅಕ್ಕಿಪೇಟೆ, ವ್ಯಾಪಾರದ ಊರು. ದೊಡ್ಡಪೇಟೆಯನ್ನೇ ಈಗ ಅವೆನ್ಯೂ ರಸ್ತೆ ಅನ್ನುತ್ತೇವೆ. ಪೇಟೆಯ ಸುತ್ತ ಮಣ್ಣಿನ ಗೋಡೆ, ಹಳ್ಳ, ಹೊರಗೆ ಮುಳ್ಳಿನ ದಟ್ಟ ಬೇಲಿ. ಇನ್ನೊಂದು, ಪೇಟೆಯ ದಕ್ಷಿಣಕ್ಕೆ ಅಂಟಿಕೊಂಡ ಹಾಗೆ ಇದ್ದ ಮೊಟ್ಟೆಯಾಕಾರದ ಕೋಟೆ. ಸೈನ್ಯ, ಮದ್ದುಗುಂಡು, ಅರಮನೆ ಇದ್ದಿದ್ದು ಅಲ್ಲಿ. ನಾವು ನೋಡುವುದು ಇದನ್ನು. "ಕೋಟೆ ಕಟ್ಟಿದ್ದು ಯಾರು" ಅಂದಾಗ ಒಬ್ಬರು ಪೇಟೆಯನ್ನು, ಇನ್ನೊಬ್ಬರು ಈ ಕಲ್ಲಿನ ಕೋಟೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಜಗಳ ಹುಟ್ಟುವುದು ಅಲ್ಲೇ.

ಕೆಂಪೇಗೌಡರ ಸೊಸೆ ಪ್ರಾಣ ಕೊಟ್ಟ ಬಾಗಿಲು ಇದೇನಾ?

ಹಗಲು ನಿಲ್ಲಿಸಿದ ಹೆಬ್ಬಾಗಿಲು ರಾತ್ರಿ ಬೀಳುತ್ತಿತ್ತಂತೆ. ಬಲಿ ಬೇಕು ಅಂದಾಗ ತುಂಬು ಬಸುರಿ ಸೊಸೆ ಲಕ್ಷ್ಮಮ್ಮ ಯಾರಿಗೂ ಹೇಳದೆ ಹೋಗಿ ತನ್ನನ್ನೇ ಕೊಟ್ಟುಕೊಂಡಳಂತೆ. ಈ ಕಥೆ ಕೆಂಪೇಗೌಡರ ಮಣ್ಣಿನ ಕೋಟೆಗೆ ಸೇರಿದ್ದು. ಈಗ ನಿಂತಿರುವ ಕಲ್ಲಿನ ಬಾಗಿಲು ಅದಕ್ಕಿಂತ ಇನ್ನೂರು ವರ್ಷಕ್ಕೂ ಚಿಕ್ಕದು. ಲಕ್ಷ್ಮಮ್ಮನ ನೆನಪಿನ ಗುಡಿ ಕೋರಮಂಗಲದಲ್ಲಿದೆ. ನಮ್ಮತ್ತೆ ಮಾತ್ರ ಈ ಉತ್ತರ ಒಪ್ಪಲಿಲ್ಲ. ದೆಹಲಿ ಬಾಗಿಲಿನ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡೇ ಒಳಗೆ ಬಂದರು.

ಬೆಂಗಳೂರನ್ನ 3 ಲಕ್ಷಕ್ಕೆ ಮಾರಿದ್ರಂತೆ, ಹೌದಾ?

ಹೌದು, ಈಗ ಆ ದುಡ್ಡಿಗೆ ಪಾರ್ಕಿಂಗ್ ಜಾಗವೂ ಬರುವುದಿಲ್ಲ. 1638ರಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಕೆಂಪೇಗೌಡರ ವಂಶದವರಿಂದ ಬೆಂಗಳೂರು ಗೆದ್ದ. ಅವನ ಜೊತೆ ಬಂದಿದ್ದ ಷಹಾಜಿ ಭೋಂಸ್ಲೆಗೆ, ಅಂದರೆ ಶಿವಾಜಿಯ ತಂದೆಗೆ, ಊರು ಜಹಗೀರಾಗಿ ಸಿಕ್ಕಿತು. ಆಮೇಲೆ ಮಗ ವೆಂಕೋಜಿಯ ಕೈಗೆ ಬಂತು. ಅವನು ತಂಜಾವೂರಿನಲ್ಲಿದ್ದ, ಇಷ್ಟು ದೂರದ ಊರು ನೋಡಿಕೊಳ್ಳುವುದು ಭಾರ. ಮೈಸೂರಿನ ಚಿಕ್ಕದೇವರಾಜ ಒಡೆಯರ ಜೊತೆ 3 ಲಕ್ಷ ರೂಪಾಯಿಗೆ ಮಾತುಕತೆ ನಡೆದಿತ್ತು. ಅಷ್ಟರಲ್ಲಿ 1687ರಲ್ಲಿ ಮೊಗಲರ ಕಾಸಿಂ ಖಾನ್ ಬಂದು ಕೋಟೆ ಹಿಡಿದ. ಹಿಡಿದವನು ಇಟ್ಟುಕೊಳ್ಳಲಿಲ್ಲ, ಅದೇ 3 ಲಕ್ಷಕ್ಕೆ ಒಡೆಯರಿಗೇ ಬಿಟ್ಟುಕೊಟ್ಟ. ಅಂಗಡಿ ಕೈ ಬದಲಾಯಿತು, ರೇಟು ಬದಲಾಗಲಿಲ್ಲ.

ಅರಮನೆ ಪಕ್ಕದ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನ ಆ ಕಾಲದ್ದೇ, ಚಿಕ್ಕದೇವರಾಜರು ಕಟ್ಟಿಸಿದ್ದು.

1791ರಲ್ಲಿ ನಿಜಕ್ಕೂ ಏನಾಯಿತು?

ಇದನ್ನು ಗೋಡೆಯ ಹೊರಗೆ ನಿಂತು ಹೇಳುವುದೇ ನನಗೆ ಇಷ್ಟ. ಏಕೆಂದರೆ ನಡೆದಿದ್ದು ಅಲ್ಲೇ.

ಅದು ಮೂರನೆಯ ಮೈಸೂರು ಯುದ್ಧ. ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಲಾರ್ಡ್ ಕಾರ್ನ್‌ವಾಲಿಸ್ ತಾನೇ ಮುಂದಾಳು. ಹತ್ತು ವರ್ಷದ ಹಿಂದೆ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೋತು ಶರಣಾದವನು ಇವನೇ. ಮರ್ಯಾದೆ ವಾಪಸ್ ಗಳಿಸುವ ಹಟ ಇತ್ತು ಅಂತ ಕಾಣುತ್ತದೆ. ಮಾರ್ಚ್ 5ಕ್ಕೆ ಬೆಂಗಳೂರಿನ ಮುಂದೆ ಬೀಡು ಬಿಟ್ಟ. 7ನೇ ತಾರೀಖು ಪೇಟೆಯ ಹಲಸೂರು ಬಾಗಿಲಿನ ಮೇಲೆ ದಾಳಿ ಮಾಡಿದ. ಹಲಸೂರು ಗೇಟ್ ಪೊಲೀಸ್ ಠಾಣೆ ಅಂತ ಈಗಲೂ ಅನ್ನುತ್ತೇವಲ್ಲ, ಆ ಗೇಟು ಇದೇ. ಅಲ್ಲಿ ಕಂಪನಿಯ ಫಿರಂಗಿ ದಳದ ಕರ್ನಲ್ ಮೂರ್‌ಹೌಸ್ ಸತ್ತ. ಸಂಜೆಯೊಳಗೆ ಪೇಟೆ ಕೈಬಿಟ್ಟು ಹೋಯಿತು. ಟಿಪ್ಪು ವಾಪಸ್ ಪಡೆಯಲು ಸೈನ್ಯ ಕಳಿಸಿದ, ಓಣಿ ಓಣಿಯಲ್ಲಿ ಕೈಕೈ ಹತ್ತಿತು, ಆಗಲಿಲ್ಲ.

ಪೇಟೆ ಸಿಕ್ಕಿದ್ದೇ ಕಂಪನಿಗೆ ದೊಡ್ಡ ಲಾಭ. ಕಾಳು ಕಡ್ಡಿ ಸಿಕ್ಕಿತು. ಅದಕ್ಕಿಂತ ಮುಖ್ಯ, ಕೋಟೆಗೆ ಎದುರಾಗಿ ಫಿರಂಗಿ ಇಡಲು ಮರೆ ಸಿಕ್ಕಿತು. ಮುಂದೆ ಎರಡು ವಾರ ಉತ್ತರದ ಗೋಡೆಯ ಒಂದೇ ಕಡೆ ಗುಂಡು ಹೊಡೆದರು. 21ನೇ ತಾರೀಖಿಗೆ ಗೋಡೆ ಬಾಯಿ ಬಿಟ್ಟಿತ್ತು. ಅವತ್ತು ರಾತ್ರಿ ಸುಮಾರು ಹನ್ನೊಂದು ಗಂಟೆ, ಹುಣ್ಣಿಮೆ ಕಳೆದು ಒಂದೆರಡು ದಿನ, ಬೆಳದಿಂಗಳು. ಏಣಿ ಹಿಡಿದು ಸದ್ದಿಲ್ಲದೆ ಬಂದು ಆ ಬಿರುಕಿನಿಂದ ಒಳನುಗ್ಗಿದರು. ಕೋಟೆಯ ಮುಖ್ಯಸ್ಥ, ಅಂದರೆ ಕಿಲ್ಲೇದಾರ, ಬಹಾದೂರ್ ಖಾನ್ ಓಡಿಹೋಗಲಿಲ್ಲ, ಹೋರಾಡುತ್ತಲೇ ಸತ್ತ. ಟಿಪ್ಪುವಿನ ಸೈನ್ಯ ದೂರವೇನೂ ಇರಲಿಲ್ಲ, ಆದರೆ ಸುದ್ದಿ ಮುಟ್ಟಿ ಸೈನ್ಯ ಕದಲುವಷ್ಟರಲ್ಲಿ ಮುಗಿದಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಇಲ್ಲಿ ಬಾಗಿಲು ಹಾಕಿಯೇ ಇತ್ತು, ಬಂದವರು ಗೋಡೆಯಿಂದ ಬಂದರು.

1791ರ ಮಾರ್ಚ್ 21ರಂದು ಬ್ರಿಟಿಷರ ದಾಳಿ ನಡೆದದ್ದು ಈ ಬಿರುಕಿನಿಂದ ಅಂತ ಹೇಳುವ ಇಂಗ್ಲಿಷ್ ಫಲಕ ಗೋಡೆಯ ಮೇಲಿದೆ. ಪಕ್ಕದಲ್ಲಿ ಬಸ್ಸು, ಆಟೋ, ಹಣ್ಣಿನ ಗಾಡಿ. ನಿಂತು ಓದುವವರನ್ನು ನಾನು ಕಂಡಿದ್ದು ಕಡಿಮೆ.

ಸತ್ತ ಬ್ರಿಟಿಷರಿಗೆ ಒಂದು ಸ್ಮಾರಕ ಇತ್ತಂತಲ್ಲ?

ಕಾರ್ಪೊರೇಷನ್ ವೃತ್ತದ ಹತ್ತಿರ ಎತ್ತರದ ಒಂದು ಸ್ತಂಭ ಇತ್ತು. ಅದರಿಂದಲೇ ಆ ರಸ್ತೆಗೆ ಸೆನೊಟಾಫ್ ರಸ್ತೆ ಅಂತ ಹೆಸರು. 1964ರಲ್ಲಿ ಸ್ತಂಭ ಕೆಡವಿದರು. ರಸ್ತೆ ಈಗ ನೃಪತುಂಗ ರಸ್ತೆ.

ಅಲ್ಲಾ, ಇಷ್ಟು ದೊಡ್ಡ ಕೋಟೆ ಎಲ್ಲಿ ಹೋಯಿತು? ಯುದ್ಧದಲ್ಲಿ ಬಿತ್ತಾ?

ಯುದ್ಧದಲ್ಲಿ ಬಿದ್ದಿದ್ದು ಒಂದು ಬಿರುಕು ಮಾತ್ರ. ಮಿಕ್ಕಿದ್ದನ್ನೆಲ್ಲ ಶಾಂತಿಯ ಕಾಲದಲ್ಲಿ ಕೆಡವಿದ್ದು.

ಮೊದಲು ಕೆಡವಿಸಿದವನು ಟಿಪ್ಪುವೇ! 1792ರ ಒಪ್ಪಂದದಲ್ಲಿ ಕೋಟೆ ವಾಪಸ್ ಬಂತು. ಇದನ್ನು ಉಳಿಸಿಕೊಳ್ಳಲು ತನ್ನಿಂದ ಆಗುವುದಿಲ್ಲ, ಶತ್ರು ಮತ್ತೆ ಬಂದರೆ ಅವನಿಗೇ ಉಪಯೋಗ ಅಂತ ಗೋಡೆಗಳನ್ನು ಬೀಳಿಸಿದ. ಅಪ್ಪ ಕಟ್ಟಿಸಿದ್ದನ್ನು ಮಗ ಕೆಡವಿಸಿದ್ದರ ಬಗ್ಗೆ 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕನನ್ ಬರೆದಿದ್ದಾನೆ. ಟಿಪ್ಪು ಸತ್ತ ಮೇಲೆ ದಿವಾನ್ ಪೂರ್ಣಯ್ಯ ರಿಪೇರಿ ಮಾಡಿಸಿದರು. ಆಮೇಲೆ ಬ್ರಿಟಿಷ್ ಸೈನ್ಯ ಹಲಸೂರಿನ ಕಡೆ ಹೊಸ ದಂಡು ಕಟ್ಟಿಕೊಂಡು ಹೋಯಿತು. ಕೋಟೆ ಬರೀ ಮದ್ದುಗುಂಡಿನ ಉಗ್ರಾಣವಾಗಿ ಉಳಿಯಿತು. 1888ರಲ್ಲಿ ಅದೂ ಮುಗಿದು ಜಾಗ ಮೈಸೂರು ಸರ್ಕಾರಕ್ಕೆ ಬಂತು.

ಊರ ನಡುವೆ ಇಷ್ಟು ಜಾಗ, ಕಡಿದು ಸಿದ್ಧವಾಗಿರುವ ಕಲ್ಲು. ಯಾರು ಬಿಡುತ್ತಾರೆ? 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು, 1907ರಲ್ಲಿ ಕೋಟೆ ಹೈಸ್ಕೂಲ್, ಆಮೇಲೆ ಮಾರ್ಕೆಟ್, 1935ರಲ್ಲಿ ವಾಣಿವಿಲಾಸ ಆಸ್ಪತ್ರೆ, 1955ರಲ್ಲಿ ಮೆಡಿಕಲ್ ಕಾಲೇಜು. ಎಲ್ಲಾ ಹಳೆ ಕೋಟೆಯ ಒಳಗೆ ಅಥವಾ ಅದರ ಅಂಚಿನಲ್ಲಿ. ದಕ್ಷಿಣದ ಮೈಸೂರು ಬಾಗಿಲು ಹೋಯಿತು, ಕಂದಕ ಮುಚ್ಚಿತು.

ಇದಕ್ಕೆ ಬೇಜಾರು ಮಾಡಿಕೊಳ್ಳುವವರು ಜಾಸ್ತಿ. ನನಗೆ ಅರ್ಧ ಬೇಜಾರು. ನಾನು ಹುಟ್ಟಿದ್ದೇ ವಾಣಿವಿಲಾಸದಲ್ಲಿ, ಅಂದರೆ ಕೋಟೆಯಲ್ಲೇ ಹುಟ್ಟಿದ ಹಾಗಾಯಿತಲ್ಲ! ಕೋಟೆ ಹೋದರೂ ಹೆಸರು ಬಿಟ್ಟಿಲ್ಲ: ಕೋಟೆ ಆಂಜನೇಯ, ಕೋಟೆ ವೆಂಕಟರಮಣ, ಕೋಟೆ ಜಲಕಂಠೇಶ್ವರ. ಈ ಹೆಸರುಗಳನ್ನು ಒಂದು ಹಾಳೆಯಲ್ಲಿ ಗುರುತು ಮಾಡಿ ಗೆರೆ ಎಳೆಯಿರಿ, ಕಳೆದುಹೋದ ಕೋಟೆ ಹೆಚ್ಚುಕಡಿಮೆ ಕಣ್ಣ ಮುಂದೆ ಬರುತ್ತದೆ.

## ಕಲ್ಲು, ಗಾರೆ, ಬಾಗಿಲು

ಆಗ ನೋಡೋಕೆ ಹೇಗಿತ್ತು? ಎಷ್ಟು ದೊಡ್ಡದು?

ಸುತ್ತಳತೆ ಸುಮಾರು ಒಂದು ಮೈಲಿ. ಗೋಡೆಯುದ್ದಕ್ಕೂ 26 ಕೊತ್ತಲ, ಹೊರಗೆ ಅಗಲವಾದ ಕಂದಕ. ಪೇಟೆಯ ಕಡೆಗೆ ದೆಹಲಿ ಬಾಗಿಲು, ಎದುರು ತುದಿಯಲ್ಲಿ ಮೈಸೂರು ಬಾಗಿಲು. ಬಾಗಿಲಿಗೆ ದಿಕ್ಕಿನ ಹೆಸರಿಡುವುದು ಇಲ್ಲಿನ ರೂಢಿ: ಪೇಟೆಯಲ್ಲೂ ಯಲಹಂಕ ಬಾಗಿಲು, ಹಲಸೂರು ಬಾಗಿಲು, ಆನೇಕಲ್ ಬಾಗಿಲು ಇದ್ದವು. ಕಾರ್ನ್‌ವಾಲಿಸ್ ಸೈನ್ಯದ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಬಂದಿದ್ದ. ಮೂರ್‌ಹೌಸ್ ಸಾಯುವ ದೃಶ್ಯವನ್ನೂ ಬರೆದಿದ್ದಾನೆ.

ಒಳಗೆ ಹೋದರೆ ಬರೀ ತಿರುವು. ನೇರ ದಾರಿ ಮಾಡೋಕೆ ಬರ್ತಿರಲಿಲ್ಲವಾ?

ಬೇಕಂತಲೇ ಮಾಡಿದ್ದು. ಈ ಕೋಟೆಯಲ್ಲಿ ನಿಧಾನವಾಗಿ ನೋಡಬೇಕಾದ್ದು ಇದನ್ನೇ.

ಹೊರಗಿನ ಬಾಗಿಲು ದಾಟಿ. ಎದುರಿಗೆ ದಾರಿ ಕಾಣುವುದಿಲ್ಲ, ಗೋಡೆ. ಪಕ್ಕಕ್ಕೆ ತಿರುಗಬೇಕು. ಈಗ ಒಂದು ಅಂಗಳ, ಮತ್ತೆ ಒಂದು ಬಾಗಿಲು, ಮತ್ತೆ ತಿರುವು. ನೀವು ಶತ್ರು ಅಂದುಕೊಳ್ಳಿ. ಆನೆ ತಂದಿದ್ದೀರಿ, ಹಿಂದೆ ನೂರಾರು ಜನ ತಳ್ಳುತ್ತಿದ್ದಾರೆ. ಆನೆ ಓಡಿ ಬಂದು ಗುದ್ದಬೇಕಾದರೆ ನೇರ ಜಾಗ ಬೇಕು, ಇಲ್ಲಿ ಇಲ್ಲ. ತಿರುಗುವಾಗ ವೇಗ ಸಾಯುತ್ತದೆ. ನಿಂತ ಅಂಗಳದ ನಾಲ್ಕು ಕಡೆಯೂ ಎತ್ತರದ ಗೋಡೆ, ಮೇಲೆ ಬಂದೂಕು ಹಿಡಿದವರು. ಬಾವಿಯೊಳಗೆ ಬಿದ್ದ ಹಾಗೆ.

ಪ್ರತಿ ಸಲ ಮಕ್ಕಳನ್ನು ಆ ಅಂಗಳದಲ್ಲಿ ನಿಲ್ಲಿಸಿ "ಈಗ ಎಲ್ಲಿಗೆ ಓಡ್ತೀರಿ?" ಅನ್ನುತ್ತೇನೆ. ಕತ್ತೆತ್ತಿ ಸುತ್ತ ನೋಡುತ್ತಾರೆ. ಒಂದು ಕ್ಷಣ ಸದ್ದಿಲ್ಲ. ಹೊರಗಿನ ಹಾರ್ನ್ ಸದ್ದು ಕೂಡ ಅಲ್ಲಿ ಸಣ್ಣಗಾಗುತ್ತದೆ, ಗೋಡೆ ಅಷ್ಟು ದಪ್ಪ.

ಅಷ್ಟೆತ್ತರದ ಬಾಗಿಲಿನಲ್ಲಿ ಆ ಪುಟ್ಟ ಬಾಗಿಲು ಯಾಕೆ?

ಅದು ದಿಡ್ಡಿ ಬಾಗಿಲು. ದಿನಕ್ಕೆ ನೂರು ಸಲ ಹೆಬ್ಬಾಗಿಲು ತೆರೆಯಲು ಆಗುತ್ತದಾ? ಒಬ್ಬಿಬ್ಬರು ಬಂದು ಹೋಗಲು ದಿಡ್ಡಿ ಸಾಕು. ತಲೆ ಬಗ್ಗಿಸಿ, ಕಾಲೆತ್ತಿ ದಾಟಬೇಕು. ಕತ್ತಿ ಹಿಡಿದವನೂ ತಲೆ ಬಗ್ಗಿಸಲೇಬೇಕು, ಕಾವಲುಗಾರನಿಗೆ ಅದೇ ಬೇಕಾಗಿದ್ದು.

ಹೆಬ್ಬಾಗಿಲಿನ ಹಲಗೆಯ ಮೇಲಿನ ಕಬ್ಬಿಣದ ಗುಬಟುಗಳನ್ನು ಕೈಯಿಂದ ಮುಟ್ಟಿ ನೋಡಿ. ಬೇಸಿಗೆಯ ಮಧ್ಯಾಹ್ನವೂ ಮರ ಬೆಚ್ಚಗೆ, ನೆರಳಲ್ಲಿರುವ ಕಬ್ಬಿಣ ತಣ್ಣಗೆ. ಕೈಗೆ ಸಿಗುವ ಎತ್ತರದ ಗುಬಟುಗಳು ಸಾವಿರಾರು ಅಂಗೈ ಸವರಿ ನುಣುಪಾಗಿವೆ, ಮೇಲಿನವು ಒರಟು.

ಕೊತ್ತಲ ದುಂಡಗೆ ಯಾಕೆ?

ಎರಡು ಕಾರಣ. ದುಂಡು ಗೋಡೆಗೆ ಬಡಿದ ಗುಂಡು ಜಾರಿಹೋಗುವ ಸಾಧ್ಯತೆ ಜಾಸ್ತಿ. ಮೂಲೆ ಇದ್ದರೆ ಮೊದಲು ಒಡೆಯುವುದು ಮೂಲೆಯೇ. ಇನ್ನೊಂದು, ಗೋಡೆಯಿಂದ ಮುಂದಕ್ಕೆ ಚಾಚಿಕೊಂಡಿರುವುದರಿಂದ ಗೋಡೆಯ ಬುಡಕ್ಕೆ ಬಂದವನನ್ನು ಪಕ್ಕದಿಂದ ಹೊಡೆಯಬಹುದು. ಗೋಡೆಯ ಮೇಲೆ ನಿಂತವನಿಗೆ ತನ್ನ ಕಾಲ ಕೆಳಗೆ ಯಾರಿದ್ದಾರೆ ಅಂತ ಕಾಣುವುದಿಲ್ಲ, ಕೊತ್ತಲದವನಿಗೆ ಕಾಣುತ್ತದೆ.

ಹೈದರ್ ಕಟ್ಟಿಸಿದ ಕೋಟೆಯಲ್ಲಿ ಗಣಪತಿ ಗುಡಿ ಹೇಗೆ?

ಕೋಟೆಗೆ ಕಾವಲು ಬೇಕು, ಕಾವಲಿಗೆ ಗಣಪತಿ ಬೇಕು. ಕಟ್ಟಿಸಿದವನು ಯಾರಾದರೂ ಕಟ್ಟಿದವರು ಈ ಊರಿನ ಕಲ್ಲುಕುಟಿಗರು, ಒಳಗೆ ಇದ್ದ ಸೈನಿಕರಲ್ಲಿ ಎಲ್ಲಾ ಜಾತಿಯವರೂ ಇದ್ದರು. ಗೋಡೆಯ ಕಲ್ಲುಗಳಲ್ಲಿ ಕಮಲ, ನವಿಲು, ಆನೆ, ಹಕ್ಕಿ ಹುಡುಕಿ. ಬಾಗಿಲಿನ ಮೇಲಿನ ಕಮಾನು ನೋಡಿದರೆ ಬೇರೆ ಸಂಪ್ರದಾಯ: ಮೊನಚು ತುದಿ, ಗಾರೆಯಲ್ಲಿ ತಿದ್ದಿದ ಹೂಬಳ್ಳಿ. ಎರಡೂ ಒಂದೇ ಗೋಡೆಯಲ್ಲಿವೆ. ನಮ್ಮ ಜಗಳಕ್ಕೆ ಅವು ಸಾಕ್ಷಿ ಹೇಳುವುದಿಲ್ಲ.

ವೆಂಕಟರಮಣ ದೇವಸ್ಥಾನದ ಮುಂದಿನ ಕಂಬಕ್ಕೂ ಒಂದು ಕಥೆ ಇದೆ. ಟಿಪ್ಪುವಿಗೆ ಬೀಳಬೇಕಿದ್ದ ಫಿರಂಗಿ ಗುಂಡನ್ನು ಆ ಕಂಬ ತಡೆಯಿತಂತೆ. ಕಥೆ ಕಥೆಯೇ, ಆದರೆ ದೇವಸ್ಥಾನದಿಂದ ಅರಮನೆಗೆ ಎಷ್ಟು ಹೆಜ್ಜೆ ಅಂತ ನಡೆದು ನೋಡಿ. ಇಂಥ ಕಥೆ ಯಾಕೆ ಹುಟ್ಟಿತು ಅಂತ ಗೊತ್ತಾಗುತ್ತದೆ.

ಅರಮನೆ ಅಂದ್ರಿ, ಇದು ದೊಡ್ಡ ತೊಟ್ಟಿ ಮನೆ ತರ ಇದೆಯಲ್ಲ?

ಮೈಸೂರು ಅರಮನೆ ನೋಡಿ ಬಂದವರು ಹೀಗೇ ಅನ್ನುತ್ತಾರೆ. ಇದು ಬೇಸಿಗೆಗೆ ಬಂದು ಇರುವ, ದರ್ಬಾರು ನಡೆಸುವ ಮನೆ. 1781ರಲ್ಲಿ ಹೈದರ್ ಶುರು ಮಾಡಿದ, 1791ರಲ್ಲಿ ಟಿಪ್ಪು ಮುಗಿಸಿದ. ಮುಗಿದ ವರ್ಷವೇ ಕೋಟೆ ಕೈಬಿಟ್ಟಿದ್ದು.

ಕಲ್ಲಿನ ಪೀಠದ ಮೇಲೆ ತೇಗದ ಕಂಬಗಳು. ಪೀಠ ಯಾಕೆ ಅಂದರೆ, ಮರದ ಬುಡಕ್ಕೆ ನೆಲದ ತೇವ ತಾಗಬಾರದು, ಗೆದ್ದಲು ಹತ್ತಬಾರದು. ಕಂಬದಿಂದ ಕಂಬಕ್ಕೆ ಎಲೆಯಂಚಿನ ಹಾಗೆ ಬಾಗಿದ ಮರದ ಕಮಾನು. ಗೋಡೆ ಕಡಿಮೆ, ತೆರೆದ ಜಾಗ ಜಾಸ್ತಿ. ಫ್ಯಾನ್ ಇಲ್ಲದ ಕಾಲದಲ್ಲಿ ಗಾಳಿ ಆಡಲು ಇದಕ್ಕಿಂತ ಒಳ್ಳೆಯ ಉಪಾಯ ಬೇಕಾ? ಮಹಡಿಯ ಪೂರ್ವಕ್ಕೂ ಪಶ್ಚಿಮಕ್ಕೂ ಒಂದೊಂದು ಮೊಗಸಾಲೆ, ಟಿಪ್ಪು ಅಲ್ಲಿ ಕೂತು ಅಹವಾಲು ಕೇಳುತ್ತಿದ್ದ. ನಾಲ್ಕು ಮೂಲೆಯ ಪುಟ್ಟ ಕೋಣೆಗಳು ಜನಾನಾ. ಗೋಡೆಯ ಬಣ್ಣದ ಹೂಬಳ್ಳಿ ಬಹಳಷ್ಟು ಮಾಸಿದೆ, ಆದರೆ ಮೂಲೆಯಲ್ಲಿ ಹುಡುಕಿದರೆ ಕೆಂಪು, ಹಸಿರು ಇನ್ನೂ ಕಾಣುತ್ತದೆ. ಆ ಬಣ್ಣ ತುಂಬಿದ್ದಾಗ ಹೇಗಿತ್ತು ಅಂತ ತಿಳಿಯಬೇಕಾದರೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಿ, ಅದು ಇದರ ಅಕ್ಕ.

ಕಟ್ಟಿದಾಗ ಇದಕ್ಕೆ ಇಟ್ಟ ಪಾರ್ಸಿ ಹೆಸರು ರಷ್ಕ್-ಎ-ಜನ್ನತ್, ಅಂದರೆ ಸ್ವರ್ಗಕ್ಕೇ ಹೊಟ್ಟೆಕಿಚ್ಚು. ಸ್ವರ್ಗ ಹೊಟ್ಟೆಕಿಚ್ಚು ಪಟ್ಟ ಈ ಮನೆಯಲ್ಲಿ ಆಮೇಲೆ ಕೂತವರು ಗುಮಾಸ್ತರು! 1831ರಲ್ಲಿ ಮೈಸೂರಿನ ಆಡಳಿತ ಬ್ರಿಟಿಷ್ ಕಮಿಷನರ ಕೈಗೆ ಹೋದ ಮೇಲೆ ಸರ್ಕಾರಿ ಕಚೇರಿ ಇಲ್ಲಿತ್ತು. 1868ರಲ್ಲಿ ಅಠಾರಾ ಕಚೇರಿ ಕಟ್ಟಿ ಅಲ್ಲಿಗೆ ಹೋದರು. ಈಗಿನ ಹೈಕೋರ್ಟ್ ಕೆಂಪು ಕಟ್ಟಡ ಅದೇ.

ಅಲ್ಲಿರುವ ಹುಲಿ ಗೊಂಬೆ ನಿಜದ್ದಾ?

ಅಲ್ಲ, ನಕಲು. ಯುರೋಪಿನ ಸಿಪಾಯಿಯ ಮೇಲೆ ಎರಗಿದ ಆ ಮರದ ಹುಲಿಯ ಮೂಲ ಗೊಂಬೆ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣದಿಂದ ಹೊತ್ತುಕೊಂಡು ಹೋದರು. ಅದರ ಹೊಟ್ಟೆಯಲ್ಲಿ ವಾದ್ಯವಿದೆ, ಹಿಡಿ ತಿರುಗಿಸಿದರೆ ಹುಲಿ ಗುರುಗುಟ್ಟುತ್ತದೆ, ಮನುಷ್ಯ ನರಳುತ್ತಾನೆ.

## ಇನ್ನೂ ಕೆದಕುವವರಿಗೆ

ಇಲ್ಲಿಂದ ಶ್ರೀರಂಗಪಟ್ಟಣಕ್ಕೆ ಸುರಂಗ ಇದೆಯಂತೆ?

ಕರ್ನಾಟಕದಲ್ಲಿ ಸುರಂಗದ ಕಥೆ ಇಲ್ಲದ ಕೋಟೆ ನಾನು ನೋಡಿಲ್ಲ. ಶ್ರೀರಂಗಪಟ್ಟಣಕ್ಕೆ ನೂರು ಕಿಲೋಮೀಟರಿಗೂ ಜಾಸ್ತಿ. ನಡುವೆ ರಾಮನಗರದ ಬಂಡೆ ಬೆಟ್ಟಗಳು, ಹೊಳೆಗಳು. ಎಲ್ಲಾ ಯಂತ್ರ ಇಟ್ಟುಕೊಂಡು ಮೆಟ್ರೋದವರು ಊರೊಳಗೆ ನಾಲ್ಕಾರು ಕಿಲೋಮೀಟರ್ ಸುರಂಗ ಕೊರೆಯಲು ಪಟ್ಟ ಪಾಡು ನಾವು ನೋಡಿದ್ದೇವೆ. ಸುಮ್ನೆ ಮಾತು.

ಮೆಟ್ರೋ ಅಗೆಯುವಾಗ ಫಿರಂಗಿ ಸಿಕ್ಕಿದ್ದು ನಿಜಾನಾ?

ಅದು ನಿಜ. 2012ರಲ್ಲಿ ಕೋಟೆಯ ಹತ್ತಿರ ಮೆಟ್ರೋಗೆ ಅಗೆಯುವಾಗ ಟಿಪ್ಪು ಕಾಲದ ಎರಡು ಕಬ್ಬಿಣದ ಫಿರಂಗಿ ಸಿಕ್ಕವು, ಒಂದೊಂದೂ ಸುಮಾರು ಒಂದು ಟನ್ ತೂಕ. ನೀವು ಇಳಿದು ಬಂದ ನಿಲ್ದಾಣದ ಸುತ್ತಲಿನ ಮಣ್ಣು ಸಾಮಾನ್ಯದ್ದಲ್ಲ.

ಇಷ್ಟು ಗಟ್ಟಿ ಕೋಟೆ ಎರಡು ವಾರದಲ್ಲಿ ಬಿತ್ತು. ಕಟ್ಟಿದ್ದರಲ್ಲೇ ತಪ್ಪಿತ್ತಾ?

ತಪ್ಪಲ್ಲ, ಕಾಲ ಮುಂದೆ ಹೋಗಿತ್ತು. ಎತ್ತರದ ನೆಟ್ಟಗಿನ ಕಲ್ಲುಗೋಡೆ ಏಣಿ ಹಾಕುವವರನ್ನು, ಆನೆಯನ್ನು, ಕುದುರೆಯನ್ನು ತಡೆಯಲು ಹೇಳಿ ಮಾಡಿಸಿದ್ದು. ಭಾರಿ ಫಿರಂಗಿಗೆ ಮಾತ್ರ ಅದು ಎದುರಿಗೆ ನಿಂತ ಗುರಿಹಲಗೆ. ಒಂದೇ ಜಾಗಕ್ಕೆ ದಿನಗಟ್ಟಲೆ ಹೊಡೆದರೆ ಕಲ್ಲು ಸಡಿಲಾಗಿ ಕುಸಿಯುತ್ತದೆ, ಕುಸಿದ ರಾಶಿಯೇ ಶತ್ರುವಿಗೆ ಮೆಟ್ಟಿಲು. ಯುರೋಪಿನಲ್ಲಿ ಅಷ್ಟು ಹೊತ್ತಿಗೆ ತಗ್ಗಾದ, ದಪ್ಪ ಮಣ್ಣು ತುಂಬಿದ, ಇಳಿಜಾರು ಗೋಡೆಗಳ ಕೋಟೆ ಬಂದಿತ್ತು. ಮಣ್ಣು ಗುಂಡನ್ನು ನುಂಗಿಕೊಳ್ಳುತ್ತದೆ.

ಪೇಟೆ ಮತ್ತು ಕೋಟೆ ಅಂಟಿಕೊಂಡಿದ್ದೂ ಮುಳುವಾಯಿತು. ಪೇಟೆ ಹೋದ ದಿನವೇ ಕೋಟೆಯ ಆಯಸ್ಸು ಎಣಿಸಲು ಶುರುವಾಯಿತು ಅನ್ನುವುದು ನನ್ನ ಲೆಕ್ಕ.

ಸುತ್ತ ಇಷ್ಟು ಒತ್ತಿಕೊಂಡು ಕಟ್ಟಿದ್ದಾರಲ್ಲ, ಕಾನೂನು ಇಲ್ಲವಾ?

ಇದೆ. ಇದು ಕೇಂದ್ರ ಸರ್ಕಾರದ ರಕ್ಷಿತ ಸ್ಮಾರಕ. ಪಟ್ಟಿಯಲ್ಲಿ ಹಳೆಯ ಬಂದೀಖಾನೆ, ಕೋಟೆ ಮತ್ತು ಬಾಗಿಲುಗಳು ಅಂತ ಹೆಸರು. 2010ರ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕೂಡದು, ಅದರಾಚೆ ಇನ್ನೂ 200 ಮೀಟರಿಗೆ ಅನುಮತಿ ಬೇಕು. ಆದರೆ ಕಾನೂನಿಗಿಂತ ಮುಂಚೆಯೇ ಇಲ್ಲಿ ಊರು ಬೆಳೆದಾಗಿತ್ತು. ನನಗೆ ಕಟ್ಟಡಕ್ಕಿಂತ ಬೇಜಾರು ತರುವುದು ಗೋಡೆಯ ಮೇಲೆ ಮೊಳೆಯಿಂದ ಕೆತ್ತಿದ ಹೆಸರು ಮತ್ತು ಹೃದಯದ ಚಿತ್ರ.

ಇದನ್ನು ನೋಡಿದ ಮೇಲೆ ಯಾವುದು ನೋಡಬೇಕು?

ದೇವನಹಳ್ಳಿ. ವಿಮಾನ ನಿಲ್ದಾಣದ ದಾರಿಯಲ್ಲೇ. ಟಿಪ್ಪು ಹುಟ್ಟಿದ ಊರು ಅದು. 1501ರಲ್ಲಿ ಮಲ್ಲಬೈರೇಗೌಡರು ಕಟ್ಟಿಸಿದ ಮಣ್ಣಿನ ಕೋಟೆ, ಮುಂದೆ ಹೈದರನ ಕಾಲದಲ್ಲಿ ಕಲ್ಲಿನದಾಯಿತು. ಅಂದರೆ ಬೆಂಗಳೂರಿನ ಕಥೆಯೇ, ಕೆಡವುವ ಅಧ್ಯಾಯ ಬಿಟ್ಟು. ಅಲ್ಲಿ ಗೋಡೆಯ ಸುತ್ತು ಪೂರ್ತಿಯಾಗಿ ಉಳಿದಿದೆ, ಒಳಗೆ ಊರು ಈಗಲೂ ಬದುಕಿದೆ. ಆ ಗೋಡೆಯ ಮೇಲೆ ಒಂದು ಸುತ್ತು ಹಾಕಿ ಬನ್ನಿ. ಮುಂದಿನ ಸಲ ಕೆ.ಆರ್. ಮಾರ್ಕೆಟ್ಟಿನಲ್ಲಿ ಬಸ್ಸು ನಿಂತಾಗ, ಇಲ್ಲಿ ಇಲ್ಲದ ಇಪ್ಪತ್ತನಾಲ್ಕು ಕೊತ್ತಲ ಎಲ್ಲೆಲ್ಲಿದ್ದವು ಅಂತ ಕಿಟಕಿಯಲ್ಲಿ ಕೂತೇ ಲೆಕ್ಕ ಹಾಕಬಹುದು.